ಮೆಲ್ಲಗೆ ಹಾಡಿದ ಆರು ಹಾಡು: ಟಿವಿ ಫೈನಲಿಸ್ಟ್ ಒಬ್ಬಳ ಮೊದಲ ಆಲ್ಬಮ್‌ನ ಪ್ರಕರಣ

ಟಿವಿ ಹಾಡಿನ ಸ್ಪರ್ಧೆಯ ಫಿನಾಲೆ ಮುಗಿದ ಮುಂದಿನ ಭಾನುವಾರ ಆ ಹುಡುಗಿಯ ಊರಲ್ಲಿ ಮೆರವಣಿಗೆ ಮಾಡಿದರು. ತೆರೆದ ಜೀಪು, ಮುಂದೆ ತಮಟೆ, ತಲೆಗೆ ಮೈಸೂರು ಪೇಟ, ಕೊರಳು ಬಗ್ಗುವಷ್ಟು ಭಾರದ ಹಾರ. ಕೆ.ಆರ್. ಪೇಟೆ ತಾಲ್ಲೂಕಿನ ಸಣ್ಣ ಊರು ಅದು. ಬಸ್ಸು ನಿಲ್ಲುವ ಕಡೆ ಅವಳ ಮುಖದ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಹತ್ತು ತಿಂಗಳು ಕಳೆದ ಮೇಲೆ ನಾನು ಮೊದಲ ಸಲ ಅವರ ಮನೆಗೆ ಹೋದೆ. ಅದೇ ಫ್ಲೆಕ್ಸ್ ಹುಲ್ಲಿನ ಮೆದೆ ಮೇಲಿತ್ತು. ಅವಳ ಅಪ್ಪ ಅದನ್ನು ತಿರುವಿ, ಮುಖ ಒಳಗಡೆ ಬರೋ ಹಾಗೆ ಹೊದಿಸಿದ್ದರು. "ಮಗಳ ಮುಖದ ಮ್ಯಾಲೆ ಮಳೆ ಬೀಳಬಾರ್ದು ಕಣಪ್ಪ" ಅಂದರು.

ಆ ಹತ್ತು ತಿಂಗಳಲ್ಲಿ ಏನಾಯಿತು, ಆಮೇಲಿನ ಹದಿನಾಲ್ಕು ತಿಂಗಳಲ್ಲಿ ಆರು ಹಾಡಿನ ಆಲ್ಬಮ್ ಹೇಗೆ ಹೊರಬಂತು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಮನೆ ಮಹಡಿ ಮೇಲೆ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಕೀಬೋರ್ಡ್ ನುಡಿಸುತ್ತೇನೆ, ಅರೇಂಜ್‌ಮೆಂಟ್ ಮಾಡುತ್ತೇನೆ. ಈ ಆಲ್ಬಮ್‌ನಲ್ಲಿ ಆ ಎರಡೂ ಕೆಲಸ ನನ್ನದೇ. ಅವಳ ಹೆಸರು, ಚಾನೆಲ್ ಹೆಸರು, ಕಂಪನಿ ಹೆಸರು ಬರೆಯುತ್ತಿಲ್ಲ, ಅವಳೇ ಬೇಡ ಅಂದಳು. "ಮಿಕ್ಕಿದ್ದೆಲ್ಲ ಬರಿ ಅಣ್ಣ, ನನ್ನ ಹಿಂದೆ ಬರೋರಿಗೆ ಗೊತ್ತಾಗ್ಲಿ" ಅಂತ ಅವಳೇ ಹೇಳಿದ್ದಕ್ಕೆ ಇದನ್ನು ಬರೆಯೋ ಧೈರ್ಯ ಮಾಡಿದ್ದೇನೆ.

ಕೈಗೆ ಬಂದದ್ದು

ಫೈನಲ್ ತನಕ ಹೋದ ಹುಡುಗಿ ಅಂದರೆ ದುಡ್ಡು ಕಂಡವಳು ಅಂತ ಊರೆಲ್ಲ ಅಂದುಕೊಳ್ಳುತ್ತೆ. ಬಹುಮಾನದ ಹಣಕ್ಕೆ ತೆರಿಗೆ 30%. ಟಿವಿಯಲ್ಲಿ ಸ್ಪರ್ಧೆ ಗೆದ್ದು ಬರುವ ಹಣವನ್ನು ಆದಾಯ ತೆರಿಗೆಯವರು ಲಾಟರಿ ಹಣದ ಸಾಲಿಗೇ ಸೇರಿಸುತ್ತಾರೆ. ಅದರಲ್ಲಿ ಖರ್ಚು ಕಳೆಯುವ ಹಾಗಿಲ್ಲ. ಆರು ತಿಂಗಳು ಬೆಂಗಳೂರಿಗೆ ಓಡಾಡಿದ್ದು, ಬಟ್ಟೆಗೆ ಹಾಕಿದ್ದು, ಪಾಠ ಹೇಳಿಸಿಕೊಂಡಿದ್ದು ಎಲ್ಲ ಕೈಯಿಂದ ಹೋದ ದುಡ್ಡೇ. ಅಪ್ಪ ಕಬ್ಬು ಬೆಳೆಯುವವರು. ಆ ವರ್ಷದ ಕಬ್ಬಿನ ಹಣ ಮಗಳ ಬಟ್ಟೆಗೇ ಸರಿಹೋಯಿತು.

ಆಯ್ಕೆ ಆದ ದಿನ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಇಂಗ್ಲಿಷ್‌ನಲ್ಲಿತ್ತು, ದಪ್ಪಗಿತ್ತು. ಮನೆಯಲ್ಲಿ ಯಾರೂ ಓದಿರಲಿಲ್ಲ. ಖುಷಿಯಲ್ಲಿ ಯಾರು ತಾನೇ ಓದುತ್ತಾರೆ? ಮೈಸೂರಿನ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವ ನನ್ನ ಗೆಳೆಯ ಅದನ್ನು ಒಂದು ಸಂಜೆ ಕೂತು ಓದಿ ಹೇಳಿದ. ಕೊನೆಯ ಕಂತು ಪ್ರಸಾರ ಆದ ದಿನದಿಂದ ಒಂದು ವರ್ಷ ಲಿಖಿತ ಅನುಮತಿ ಇಲ್ಲದೆ ಯಾವ ಹಾಡನ್ನೂ ರೆಕಾರ್ಡ್ ಮಾಡಿ ಬಿಡುಗಡೆ ಮಾಡುವಂತಿಲ್ಲ. ಸ್ಟೇಜ್ ಕಾರ್ಯಕ್ರಮ ಅವರ ಮೂಲಕವೇ ಆಗಬೇಕು, ಅದರಲ್ಲಿ ಅವರಿಗೂ ಪಾಲು. ಅಂದರೆ ಜನಕ್ಕೆ ಅವಳ ಮುಖ ಚೆನ್ನಾಗಿ ನೆನಪಿದ್ದ ವರ್ಷವೇ ಅವಳು ಸ್ವಂತ ಹಾಡು ಬಿಡುವಂತಿರಲಿಲ್ಲ.

ಇದು ಗೊತ್ತಿಲ್ಲದೇ ಅವಳು ಒಂದು ತಪ್ಪು ಮಾಡಿದ್ದಳು. ಶೋನಲ್ಲಿ ತಾನು ಹಾಡಿದ ಎರಡು ಹಾಡಿನ ತುಣುಕನ್ನು ತನ್ನ ಯೂಟ್ಯೂಬ್ ಚಾನೆಲ್‌ಗೆ ಹಾಕಿದ್ದಳು. "ನಾನೇ ಹಾಡಿದ್ದು ತಾನೇ ಅಣ್ಣ" ಅಂತ ನನ್ನನ್ನೇ ಕೇಳಿದಳು. ದನಿ ಅವಳದು, ಆದರೆ ಧ್ವನಿಮುದ್ರಣ ಅವಳದಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಹಕ್ಕು ಅದನ್ನು ಮಾಡಿಸಿದ ನಿರ್ಮಾಪಕರದ್ದು. ಸಾಹಿತ್ಯ ಬರೆದವರ ಹಕ್ಕು ಬೇರೆ, ಸಂಗೀತ ಕೊಟ್ಟವರ ಹಕ್ಕು ಬೇರೆ. ಯೂಟ್ಯೂಬ್‌ನಿಂದ ಎರಡು ಸ್ಟ್ರೈಕ್ ಬಂದವು, ಅಂದರೆ ಬೇರೆಯವರ ಹಕ್ಕು ಮೀರಿದ್ದಕ್ಕೆ ಎಚ್ಚರಿಕೆ. ಮೂರಾದರೆ ಚಾನೆಲ್ಲೇ ಹೋಗುತ್ತಿತ್ತು. 90 ದಿನ ಅವಳು ಅದನ್ನು ಮುಟ್ಟಲಿಲ್ಲ. ಸ್ಟ್ರೈಕ್ ಕಳೆದ ಮೇಲೂ ಅವಳಿಗೆ ಭಯ ಹೋಗಿರಲಿಲ್ಲ. ನನ್ನ ಹತ್ತಿರ ಬಂದಾಗ ಅವಳ ಮೊದಲ ಪ್ರಶ್ನೆ, "ಇದು ಹಾಡಬಹುದಾ ಅಣ್ಣ?" ಹೇಗೆ ಹಾಡಲಿ ಅಂತ ಕೇಳುವ ಬದಲು ಹಾಡಬಹುದಾ ಅಂತ ಕೇಳುವ ಗಾಯಕಿಯನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತೆ.

ಮೊದಲು ಅಂದುಕೊಂಡಿದ್ದ ಆಲ್ಬಮ್

ಅವಳು ತಂದಿದ್ದ ಪಟ್ಟಿಯಲ್ಲಿ ಎಂಟು ಹಾಡಿದ್ದವು. ಆರು ಸಿನಿಮಾ ಹಾಡು, ಎರಡು ಭಾವಗೀತೆ. ಶೋನಲ್ಲಿ ಚಪ್ಪಾಳೆ ಬಿದ್ದ ಹಾಡುಗಳನ್ನೇ ಹೊಸ ಟ್ರ್ಯಾಕ್‌ಗೆ ಹಾಡಿ ಬಿಟ್ಟರೆ ಜನ ಕೇಳುತ್ತಾರೆ ಅನ್ನೋದು ಲೆಕ್ಕ. ಒಂದು ಕಂಪನಿಯವರು ದುಡ್ಡು ಹಾಕುತ್ತೇವೆ ಅಂತಲೂ ಬಂದಿದ್ದರು. ಒಂದೇ ಗಂಟು ಹಣ, ಅದಾದ ಮೇಲೆ ಹಾಡಿನ ಸಕಲ ಹಕ್ಕೂ ಅವರದೇ, ಎಲ್ಲ ಕಾಲಕ್ಕೂ, ಎಲ್ಲ ದೇಶಕ್ಕೂ. ಹಣ ಕಡಿಮೆ ಏನಿರಲಿಲ್ಲ. ಅವಳ ಅಪ್ಪ ಒಪ್ಪಿಯೂ ಆಗಿತ್ತು.

ನಾನು ಬೇಡ ಅಂದೆ. ಅವರು ಹಾಕುತ್ತಿದ್ದ ದುಡ್ಡು ಎರಡು ಬೆಳೆಯ ಕಬ್ಬಿನ ದುಡ್ಡು. ಬೇಡ ಅನ್ನೋದು ನನಗೆ ಸುಲಭ, ಅವಳ ಮನೆಯವರಿಗಲ್ಲ. ಅದಕ್ಕೇ ಸುಮ್ನೆ ಬೇಡ ಅಂದು ಕೂರದೆ ಗೆಳೆಯನ ಜೊತೆ ಕೂತು ಒಂದೊಂದನ್ನೇ ಬಿಡಿಸಿ ಹೇಳಿದೆ. ಹಕ್ಕು ಬರೆದುಕೊಡುವ ಪತ್ರದಲ್ಲಿ ಎಷ್ಟು ವರ್ಷ ಅಂತ ಬರೆಯದೇ ಹೋದರೆ ಕಾಯ್ದೆ ಅದನ್ನು ಐದು ವರ್ಷ ಅಂತ ಹಿಡಿಯುತ್ತೆ. ಯಾವ ಜಾಗಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಹಿಡಿಯುತ್ತೆ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು, ಹಾಗಾಗಿ ಎರಡನ್ನೂ ಬಿಡದೇ ಬರೆಸುತ್ತಾರೆ. ನಾವೂ ಅಷ್ಟೇ ಎಚ್ಚರವಾಗಿ ಓದಬೇಕು. 2012ರ ತಿದ್ದುಪಡಿ ಬಂದ ಮೇಲೆ ಸಾಹಿತಿ ಮತ್ತು ಸಂಗೀತಗಾರರ ರಾಯಲ್ಟಿ ಹಕ್ಕನ್ನು ಪೂರ್ತಿ ಬಿಟ್ಟುಕೊಡಿಸೋಕೆ ಆಗಲ್ಲ. ಹಾಡುವವರಿಗೂ ಪ್ರದರ್ಶಕರ ಹಕ್ಕು ಅಂತ 50 ವರ್ಷದ ಹಕ್ಕಿದೆ. ಇದನ್ನೆಲ್ಲ ಕೇಳಿ ಅವಳ ಅಪ್ಪ ಒಂದೇ ಮಾತು ಕೇಳಿದರು: "ಅಂದ್ರೆ ಗದ್ದೆ ಗುತ್ತಿಗೆಗೆ ಕೊಡಬೋದು, ಕ್ರಯಕ್ಕೆ ಕೊಡಬಾರ್ದು, ಅಷ್ಟೇ ತಾನೇ?" ನಾನು ಅರ್ಧ ಗಂಟೆ ಹೇಳಿದ್ದು ಅಷ್ಟೇ. ಅವರೇ ಕಂಪನಿಗೆ ಫೋನ್ ಮಾಡಿ ಬೇಡ ಅಂದರು.

ಸಿನಿಮಾ ಹಾಡುಗಳ ಕಥೆ ಬೇಗ ಮುಗಿಯಿತು. ಕವರ್ ವರ್ಷನ್‌ಗೆ, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡಿ ರೆಕಾರ್ಡ್ ಮಾಡೋದಕ್ಕೆ, ಕಾಯ್ದೆಯಲ್ಲಿ ಒಂದು ದಾರಿ ಇದೆ. ಆದರೆ ಮೂಲ ಹಾಡು ರೆಕಾರ್ಡ್ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು. ಒಂದೊಂದು ಹಾಡಿಗೂ ವರ್ಷಕ್ಕೆ ಕಡಿಮೆ ಅಂದರೂ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿಯನ್ನು ಮುಂಗಡ ಕಟ್ಟಬೇಕು. ಇಲ್ಲದಿದ್ದರೆ ಹಕ್ಕುದಾರರ ಹತ್ತಿರ ನೇರ ಮಾತಾಡಬೇಕು. ನಮ್ಮ ಕೈಯಲ್ಲಿ ಎರಡೂ ಆಗುತ್ತಿರಲಿಲ್ಲ.

ಭಾವಗೀತೆ ಬಿಟ್ಟದ್ದು ಮಾತ್ರ ನನಗೆ ಇವತ್ತಿಗೂ ಬೇಜಾರು. ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ ಇರೋದು ಅವಳ ತಾಲ್ಲೂಕಿನಲ್ಲೇ. ಅವರ ಒಂದು ಪದ್ಯ ಹಾಡದೇ ಮೊದಲ ಆಲ್ಬಮ್ ಮಾಡೋದು ಅವಳಿಗೆ ಮನಸ್ಸಿಲ್ಲ. ಶಾಲೆಯಲ್ಲಿ, ಮದುವೆ ಮನೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ ಕೇಳಿ ಕೇಳಿ ಅವು ಎಲ್ಲರದೂ ಅನ್ನಿಸಿಬಿಟ್ಟಿವೆ. ಆದರೆ ಅವರು ತೀರಿಕೊಂಡದ್ದು 2003ರಲ್ಲಿ. ನಮ್ಮಲ್ಲಿ ಬರೆದವರ ಹಕ್ಕು ಅವರ ನಂತರ 60 ವರ್ಷ ಇರುತ್ತೆ, ಅಂದರೆ 2063ರ ಕೊನೆತನಕ. ಪದ್ಯಕ್ಕೆ ಒಂದು ಅನುಮತಿ ಸಾಲದು, ನಮ್ಮ ಕಿವಿಯಲ್ಲಿರುವ ರಾಗ ಹಾಕಿದವರ ಹಕ್ಕು ಬೇರೆ. ಮೈಸೂರು ಅನಂತಸ್ವಾಮಿ ಅವರು ಹೋಗಿದ್ದು 1995ರಲ್ಲಿ, ಸಿ. ಅಶ್ವತ್ಥ್ ಅವರು 2009ರಲ್ಲಿ. ಅವರ ರಾಗ ಸಂಯೋಜನೆಗಳಿಗೂ ಇದೇ 60 ವರ್ಷದ ಲೆಕ್ಕ. ಎಲ್ಲ ಅನುಮತಿ ಕೇಳುತ್ತಾ ಕೂತರೆ ಇನ್ನೊಂದು ವರ್ಷ. "ಎರಡನೇ ಆಲ್ಬಮ್‌ಗೆ ಇಟ್ಕೊಳೋಣ" ಅಂದೆ. ಅವಳು ತಲೆ ಆಡಿಸಿದಳು, ಏನೂ ಹೇಳಲಿಲ್ಲ.

ಕೊನೆಗೆ ಉಳಿದದ್ದು ಆರು. ನಾಗಮಂಗಲ ಕಡೆಯ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದ ಮೂರು ಹೊಸ ಹಾಡು. 12ನೇ ಶತಮಾನದ ಒಂದು ವಚನ, ರಾಗ ಅವಳದೇ. ಅವಳ ಅಜ್ಜಿ ಹಾಡುವ ಒಂದು ಸೋಬಾನೆ, ಒಂದು ರಾಗಿ ಬೀಸೋ ಪದ. ವಚನದ ಮಾತಿಗೆ ಈಗ ಯಾರ ಹಕ್ಕೂ ಇಲ್ಲ. ಆದರೆ ಬೇರೆಯವರು ಹಾಕಿದ ರಾಗ ಎತ್ತಿಕೊಳ್ಳುವ ಹಾಗಿಲ್ಲ ಅನ್ನೋದನ್ನು ಬಹಳ ಜನ ಮರೆಯುತ್ತಾರೆ.

ರಾತ್ರಿಯ ವಾಯ್ಸ್ ನೋಟ್

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೇಲೆ ಹೇಳಿದ್ದೆಲ್ಲ ಕಾಗದದ ಕೆಲಸ. ಅದಕ್ಕೆ ದಾರಿ ಇರುತ್ತೆ, ಕೇಳಿದರೆ ಹೇಳುವವರೂ ಸಿಗುತ್ತಾರೆ. ದನಿಯ ವಿಷಯಕ್ಕೆ ಹಾಗೆ ದಾರಿ ತೋರಿಸುವವರು ಯಾರೂ ಇರಲಿಲ್ಲ.

ಸ್ಪರ್ಧೆಯಲ್ಲಿ ಹಾಡು ಎರಡು ಎರಡೂವರೆ ನಿಮಿಷಕ್ಕೆ ಕತ್ತರಿಸಿರುತ್ತೆ. ಒಂದು ಪಲ್ಲವಿ, ಒಂದು ಚರಣ, ಆಮೇಲೆ ಕೊನೆಯಲ್ಲಿ ಒಂದು ದೊಡ್ಡ ಏರು. ಆ ಏರಿಗೇ ತೀರ್ಪುಗಾರರು ಎದ್ದು ನಿಲ್ಲೋದು. "ಎಂಥಾ ಹೈ ಪಿಚ್!" ಅಂತ ಮನೆಯಲ್ಲಿ ಕೂತವರೂ ಅನ್ನೋದು. ವಾರ ವಾರ ಉಳಿಯಬೇಕಲ್ಲ, ಹಾಗಾಗಿ ಮಕ್ಕಳು ಏರನ್ನೇ ಕಲಿಯುತ್ತಾರೆ. ಅವಳೂ ಕಲಿತಿದ್ದಳು, ಬಹಳ ಚೆನ್ನಾಗಿ ಕಲಿತಿದ್ದಳು. ಎದುರಿಗೆ ಹತ್ತು ಹದಿನೈದು ವಾದ್ಯ, ಕಿವಿಯಲ್ಲಿ ಇಯರ್‌ಪೀಸ್, ಕೈಯಲ್ಲಿ ಮೈಕು. ಏರುವಾಗ ಮೈಕನ್ನು ಬಾಯಿಂದ ದೂರ ಸರಿಸೋದು, ಇಳಿದಾಗ ಹತ್ತಿರ ತರೋದು, ಅದು ಅವಳ ಕೈಗೆ ತಾನಾಗೇ ಬಂದಿತ್ತು.

ನನ್ನ ಸ್ಟುಡಿಯೋದಲ್ಲಿ ಮೈಕು ಸ್ಟ್ಯಾಂಡಿನಲ್ಲಿರುತ್ತೆ. ಕಂಡೆನ್ಸರ್ ಮೈಕು, ಉಸಿರು ಎಳೆದದ್ದೂ ಕೇಳುತ್ತೆ. ಮೊದಲ ದಿನ ಮೇಷ್ಟ್ರ ಹಾಡಿಗೆ ಹನ್ನೆರಡು ಟೇಕ್ ತೆಗೆದೆವು. ಶ್ರುತಿ ಒಂದು ಎಳೆ ಆಚೀಚೆ ಹೋಗಲಿಲ್ಲ. ತಾಳ ಸರಿ, ಉಚ್ಚಾರ ಸರಿ. ಆದರೂ ಹಾಡು ಕೇಳುವವರಿಂದ ದೂರವೇ ನಿಂತಿತ್ತು. ಪ್ರತಿ ಸಾಲಿನ ಕೊನೆಗೆ ಒಂದು ಸಣ್ಣ ಮುರ್ಕಿ, ಅಂದರೆ ದನಿಯ ಚುರುಕಾದ ಒಂದು ತಿರುವು, ಮಾರ್ಕು ಕೇಳುವ ಹಾಗೆ. ಕೈ ಕೆಳಗಿದ್ದರೂ ಏರು ಬಂದಾಗ ಬಲಗೈ ತಾನಾಗೇ ಮೇಲೆದ್ದು ಇಲ್ಲದ ಮೈಕನ್ನು ದೂರ ಸರಿಸುತ್ತಿತ್ತು. ಗಾಜಿನ ಈಚೆ ಕೂತು ಅದನ್ನು ನೋಡಿದೆ. ಹೇಗೆ ಹೇಳಲಿ ಅಂತ ಗೊತ್ತಾಗಲಿಲ್ಲ. ಚೆನ್ನಾಗಿ ಹಾಡಿದವಳಿಗೆ ಚೆನ್ನಾಗಿಲ್ಲ ಅನ್ನೋದು ಸುಲಭ ಅಲ್ಲ, ಅಲ್ವಾ?

ಹೀಗೆ ಮೂರು ವಾರ ಹೋಯಿತು. ಒಂದು ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ನೋಟ್ ಬಂತು. ವಚನಕ್ಕೆ ಹೊಸದಾಗಿ ಒಂದು ರಾಗ ಹೊಳೆದಿತ್ತು, ಮರೆಯೋ ಮೊದಲು ಕಳಿಸಿದ್ದಳು. ಶುರುವಿಗೆ ಪಿಸುಮಾತಿನಲ್ಲಿ, "ಎಲ್ಲಾರೂ ಮಲಗವ್ರೆ ಕಣಣ್ಣ, ಅದ್ಕೆ ಮೆಲ್ಲಗೆ ಹಾಡಿವ್ನಿ." ಆಮೇಲೆ ಹಾಡು. ಹಿಂದೆ ಫ್ಯಾನಿನ ಕಿರ್ ಶಬ್ದ. ಎಲ್ಲೋ ದೂರದಲ್ಲಿ ನಾಯಿ. ಹಾಡು ಒಂದು ನಿಮಿಷ ಇಪ್ಪತ್ತು ಸೆಕೆಂಡ್ ಇತ್ತು. ನಾನು ಅದನ್ನು ಅವತ್ತು ರಾತ್ರಿ ಎಷ್ಟು ಸಲ ಕೇಳಿದೆನೋ ಗೊತ್ತಿಲ್ಲ.

ಬೆಳಗ್ಗೆ ಎದ್ದು ಕೀಬೋರ್ಡಿನಲ್ಲಿ ಶ್ರುತಿ ಹಿಡಿದು ನೋಡಿದೆ. ಟಿವಿಯಲ್ಲೂ ಸ್ಟುಡಿಯೋದಲ್ಲೂ ಅವಳು ಹಾಡುತ್ತಿದ್ದದ್ದು ಐದೂವರೆ ಮನೆಗೆ, ಅಂದರೆ ಜಿ ಶಾರ್ಪ್. ವಾಯ್ಸ್ ನೋಟ್ ಇದ್ದದ್ದು ನಾಲ್ಕು ಮನೆಗೆ, ಎಫ್. ಮೂರು ಕೀ ಕೆಳಗೆ. ಅಲ್ಲಿ ಅವಳ ದನಿಯಲ್ಲಿ ಒಂದು ಒರಟು ಇತ್ತು, ಬೆಲ್ಲದ ಅಚ್ಚಿನ ಮೈಯಲ್ಲಿ ಇರುತ್ತಲ್ಲ ಹಾಗೆ. ಮುರ್ಕಿ ಒಂದೂ ಇರಲಿಲ್ಲ. ಮಂಡ್ಯದ ಮಾತಿನ ಎಳೆತ ಅಕ್ಷರಗಳ ಒಳಗೇ ಇತ್ತು. ಟಿವಿಯಲ್ಲಿ ಆ ಎಳೆತವನ್ನು ತಿದ್ದಿ ತಿದ್ದಿ ತೆಗೆಸಿದ್ದರು.

ಅವಳನ್ನು ಕರೆಸಿ ಎರಡನ್ನೂ ಕೇಳಿಸಿದೆ. ಮೊದಲು ಸ್ಟುಡಿಯೋ ಟೇಕ್, ಆಮೇಲೆ ವಾಯ್ಸ್ ನೋಟ್. ಅವಳಿಗೆ ಇಷ್ಟ ಆಗಲಿಲ್ಲ. "ಇದು ಹಾಡಿದ್ದಲ್ಲ ಅಣ್ಣ, ಗುನುಗಿದ್ದು. ಇದ ಕೇಳಿದ್ರೆ ಜನ ಇವಳ ದನಿ ಹೋಗದೆ ಅಂತಾರೆ." ಆ ಮಾತಲ್ಲಿ ನಿಜವಾದ ಭಯ ಇತ್ತು. ಹೈ ಪಿಚ್‌ನಿಂದ ಹೆಸರು ಬಂದವಳು ಏರೇ ಇಲ್ಲದ ಆಲ್ಬಮ್ ಬಿಟ್ಟರೆ? ನನ್ನ ಮಾತಿಗೆ ಅವಳು ಒಪ್ಪಲಿಲ್ಲ. ಒಪ್ಪಿಸಿದ್ದು ಮಂಡ್ಯದ ಅವಳ ಗುರುಗಳು. ಅವರು ಮೈಸೂರು ಆಕಾಶವಾಣಿಯಲ್ಲಿ ವರ್ಷಗಟ್ಟಲೆ ಸುಗಮ ಸಂಗೀತ ಹಾಡಿದವರು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಶುರು ಮಾಡಿದ ಸ್ಟೇಷನ್ ಅದು, ಆಕಾಶವಾಣಿ ಅನ್ನೋ ಹೆಸರೂ ಅಲ್ಲಿಂದಲೇ ಬಂದದ್ದು. ನಮ್ಮ ಸುಗಮ ಸಂಗೀತ ಬೆಳೆದದ್ದೇ ರೇಡಿಯೋ ಮೈಕಿನ ಮುಂದೆ. ಅಲ್ಲಿ ಸಾವಿರ ಜನರ ಚಪ್ಪಾಳೆ ಇರಲಿಲ್ಲ. ಕೇಳುವವರು ಅಡುಗೆಮನೆಯಲ್ಲೋ ಅಂಗಡಿಯಲ್ಲೋ ಒಬ್ಬೊಬ್ಬರೇ ಇರುತ್ತಿದ್ದರು. ಗುರುಗಳು ವಾಯ್ಸ್ ನೋಟನ್ನು ಕಣ್ಣು ಮುಚ್ಚಿ ಕೇಳಿದರು. "ನೀನು ನನ್ನ ಹತ್ರ ಬಂದಾಗ ಹಿಂಗೇ ಹಾಡ್ತಿದ್ದೆ ಕಣಮ್ಮ. ಆಮೇಲೆ ಎಲ್ಲಿ ಬಿಟ್ಟೆ?" ಅಂದರು. ಅವಳು ಅತ್ತುಬಿಟ್ಟಳು.

ಆರರಲ್ಲಿ ಐದು ಹಾಡನ್ನು ನಾಲ್ಕು ಮನೆಗೆ, ಒಂದನ್ನು ಅದಕ್ಕಿಂತ ಇನ್ನೂ ಕೆಳಗೆ ಇಳಿಸಿದೆವು. ಅಲ್ಲಿತನಕ ಮಾಡಿದ್ದ ಟ್ರ್ಯಾಕ್‌ಗಳನ್ನು ಪೂರ್ತಿ ಬಿಟ್ಟೆ. ಕೊಳಲಿನವರು ಬೇರೆ ಕೊಳಲು ತಂದು ಮತ್ತೆ ನುಡಿಸಬೇಕಾಯಿತು, ಅವರಿಗೆ ಎರಡನೇ ಸಲವೂ ದುಡ್ಡು ಕೊಟ್ಟೆವು. ಖರ್ಚು ಜಾಸ್ತಿ ಆಯಿತು. ಈ ಪ್ರಕರಣದಲ್ಲಿ ಸರಿಯಾಗಿ ಖರ್ಚಾದ ಹಣ ಇದೇ ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಬೀಸೋಕಲ್ಲು

ರಾಗಿ ಬೀಸೋ ಪದ ಮಾತ್ರ ಕೆಳಗಿನ ಶ್ರುತಿಗೂ ಬಗ್ಗಲಿಲ್ಲ. ಕ್ಲಿಕ್, ಅಂದರೆ ಕಿವಿಯಲ್ಲಿ ಒಂದೇ ಸಮ ಬಡಿಯುವ ತಾಳದ ಸದ್ದು, ಹಾಕಿ ಹಾಡಿಸಿದರೆ ಶಾಲೆಯ ಪ್ರಾರ್ಥನೆ ಹಾಗೆ ಬರುತ್ತಿತ್ತು. ಕ್ಲಿಕ್ ನಿಧಾನ ಮಾಡಿದೆ, ಜೋರು ಮಾಡಿದೆ, ಪ್ರಯೋಜನ ಆಗಲಿಲ್ಲ. ಕೊನೆಗೆ ಲ್ಯಾಪ್‌ಟಾಪು, ಎರಡು ಮೈಕು ಎತ್ತಿಕೊಂಡು ಅವಳ ಊರಿಗೇ ಹೋದೆ. ಮೆದೆ ಮೇಲಿನ ಫ್ಲೆಕ್ಸ್ ನೋಡಿದ್ದು ಅವತ್ತೇ.

ಅಜ್ಜಿಯ ಕಲ್ಲು ಹಿತ್ತಲಿನ ಜಗುಲಿಯಲ್ಲಿತ್ತು. ಈಗ ಮಿಲ್ಲಿಗೆ ಹಾಕಿಸುತ್ತಾರೆ, ಕಲ್ಲು ತಿರುಗಿ ವರ್ಷಗಳೇ ಆಗಿತ್ತು. ತೊಳೆದು, ಒರೆಸಿ, ಗೂಟ ಬಿಗಿ ಮಾಡಿದರು. ಒಂದು ಮೈಕನ್ನು ಕಲ್ಲಿನ ಪಕ್ಕ, ಒಂದನ್ನು ಅವಳ ಬಾಯಿ ಎದುರು ಇಟ್ಟೆ. ಸೌಂಡ್ ನೋಡೋಣ, ಸುಮ್ನೆ ಎರಡು ಸುತ್ತು ತಿರುಗಿಸು ಅಂದೆ. ಅಜ್ಜಿ ಬಂದು ಕೈ ಹಿಡಿದರು. "ರಾಗಿ ಹಾಕ್ದೆ ಒಣಕಲ್ಲು ತಿರುವಬ್ಯಾಡ ಕಣವ್ವ, ಕಲ್ಲು ಸವೀತದೆ." ಒಳಗಿಂದ ಮೊರದಲ್ಲಿ ರಾಗಿ ತಂದು ಪಕ್ಕದಲ್ಲಿಟ್ಟರು.

ಆಮೇಲೆ ನನಗೆ ಗೊತ್ತಾಯಿತು, ಕ್ಲಿಕ್ ಯಾಕೆ ಸೋತಿತು ಅಂತ. ಬಲಗೈಯಲ್ಲಿ ಗೂಟ ಹಿಡಿದು ತಿರುಗಿಸುತ್ತಾ ಎಡಗೈಯಲ್ಲಿ ಹಿಡಿ ರಾಗಿ ಕಲ್ಲಿನ ಬಾಯಿಗೆ ಹಾಕುತ್ತಾರೆ. ಹೊಸ ಕಾಳು ಬಿದ್ದ ಕೂಡಲೇ ಕಲ್ಲು ಭಾರ ಆಗುತ್ತೆ, ಸುತ್ತು ನಿಧಾನ ಆಗುತ್ತೆ. ಕಾಳು ಹಿಟ್ಟಾಗುತ್ತಾ ಬಂದ ಹಾಗೆ ಕಲ್ಲು ಹಗುರ, ಸುತ್ತು ಚುರುಕು. ಪದವೂ ಹಾಗೇ. ಸಾಲಿನ ಶುರುವಿಗೆ ಎಳೆಯುತ್ತೆ, ಕೊನೆಗೆ ಓಡುತ್ತೆ, ಮತ್ತೆ ಒಂದು ಹಿಡಿ, ಮತ್ತೆ ಎಳೆತ. ಉಸಿರು ಬಿಡುವ ಜಾಗವೂ ಕಾಳು ಹಾಕುವ ಜಾಗವೇ. ಅವಳು ಹಾಡಿಕೊಂಡು ಬೀಸಿದಳು. ಎರಡನೇ ಚರಣಕ್ಕೆ ಅಜ್ಜಿ ಎದುರು ಕೂತು ಅದೇ ಗೂಟಕ್ಕೆ ಕೈ ಹಾಕಿದರು. ಇಬ್ಬರ ದನಿಯೂ ಒಂದೇ ಮೈಕಿಗೆ ಬಂತು. ಅಜ್ಜಿಯ ದನಿಯನ್ನು ಬೇರೆ ಮಾಡಿ ತೆಗೆಯೋಕೆ ಆಗಲ್ಲ. ತೆಗೆಯೋ ಮನಸ್ಸೂ ಬರಲಿಲ್ಲ.

ಆ ಹಾಡಿಗೆ ನಾನು ಸೇರಿಸಿದ್ದು ಒಂದು ತಂಬೂರಿ ಶ್ರುತಿ, ಕೊನೆಗೆ ನಾಲ್ಕು ಸಾಲು ಕೊಳಲು. ಕೊಳಲಿನವರಿಗೆ ಕ್ಲಿಕ್ ಕೊಡಲಿಲ್ಲ, ಕಲ್ಲಿನ ಸದ್ದನ್ನೇ ಹೆಡ್‌ಫೋನಿಗೆ ಕೊಟ್ಟೆ. ಬೀಸಿದ ಹಿಟ್ಟಿನಲ್ಲಿ ಅವತ್ತು ರಾತ್ರಿ ಮುದ್ದೆ ಮಾಡಿದರು, ಉಪ್ಪುಸಾರು ಮಾಡಿದರು. ಊಟ ಮಾಡಿಕೊಂಡೇ ಮೈಸೂರಿಗೆ ಹೊರಟೆ.

ಸೋಬಾನೆ ಪದಕ್ಕೆ ತಮಟೆ ಬೇಕಿತ್ತು. ತಮಟೆಯವರು ನುಡಿಸೋ ಮೊದಲು ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸಿ ಬಿಗಿ ಮಾಡಿಕೊಳ್ಳುತ್ತಾರೆ. ಸರಸ್ವತಿಪುರಂನ ಮಹಡಿ ಮೇಲೆ ಅದು ಆಗುವ ಕೆಲಸ ಅಲ್ಲ. ಅದನ್ನೂ ಊರಿನ ಬಯಲಲ್ಲೇ ಮುಗಿಸಿದೆವು.

ಒಂದು ಹಾಳೆ

ರೆಕಾರ್ಡಿಂಗ್ ಮುಗಿಯುವ ಮೊದಲೇ ಒಂದು ಹಾಳೆ ಬರೆದುಕೊಂಡೆವು, ಕನ್ನಡದಲ್ಲೇ. ಧ್ವನಿಮುದ್ರಣ ಪೂರ್ತಿ ಅವಳದು, ಖರ್ಚು ಹಾಕಿದವಳು ಅವಳು. ಸಾಹಿತ್ಯ ಮೇಷ್ಟ್ರದು. ರಾಗ ಯಾವುದು ಅವಳದು, ಯಾವುದು ನನ್ನದು ಅಂತ ಹಾಡು ಹಾಡಿಗೂ ಬರೆದೆವು. ವಾದ್ಯದವರಿಗೆ ಕೊಟ್ಟ ಹಣ ಮತ್ತು ಅವರ ಹೆಸರು ಹಾಡಿನ ಜೊತೆ ಬರಬೇಕು ಅನ್ನೋದು. ಎಲ್ಲರೂ ಸಹಿ ಹಾಕಿದರು. ಅವಳಿಗೆ ಅದರಲ್ಲಿ ಓದದೇ ಬಿಟ್ಟ ಸಾಲು ಒಂದೂ ಇರಲಿಲ್ಲ.

ಜನಪದ ಹಾಡು ಎರಡಕ್ಕೂ ರಾಗ ನನ್ನದು ಅಂತ ಹಾಕಿಕೊಳ್ಳಬಹುದು ಅಂತ ಒಬ್ಬರು ಸಲಹೆ ಕೊಟ್ಟರು. ಎಷ್ಟೋ ಜನ ಹಾಕಿಕೊಳ್ಳುತ್ತಾರೆ. ಅದು ಕಳ್ಳತನ. ನಾವು ಸಾಂಪ್ರದಾಯಿಕ ಅಂತ ಹಾಕಿ, ಯಾರ ಬಾಯಿಂದ ಬಂತು ಅಂತ ಅಜ್ಜಿಯ ಹೆಸರನ್ನು ವಿವರಣೆಯಲ್ಲಿ ಬರೆದೆವು. ಮೇಷ್ಟ್ರು, ಅವಳು ಇಬ್ಬರೂ ಐಪಿಆರ್‌ಎಸ್‌ಗೆ ಅರ್ಜಿ ಹಾಕಿದರು. ಸಾಹಿತಿಗಳ, ಸಂಗೀತ ಸಂಯೋಜಕರ ರಾಯಲ್ಟಿ ಸಂಗ್ರಹಿಸುವ ಸಂಘ ಅದು, 1969ರಿಂದ ಇದೆ. ಹಾಡುವವರಿಗೆ ಬೇರೆ ಸಂಘ, ಇಸಾಮ್ರಾ.

ಹಾಡು ಕೇಳುವ ಆ್ಯಪ್‌ಗಳಲ್ಲಿ ಬಿಡುಗಡೆ ಮಾಡೋ ಕೆಲಸ ಬೇಸರದ್ದು. ಒಂದೊಂದು ಧ್ವನಿಮುದ್ರಣಕ್ಕೂ ಗುರುತಿಗೆ ಹನ್ನೆರಡು ಅಕ್ಷರದ ಒಂದು ಐಎಸ್‌ಆರ್‌ಸಿ ಸಂಖ್ಯೆ, ಇಡೀ ಆಲ್ಬಮ್‌ನ ಗುರುತಿಗೆ ಒಂದು ಯುಪಿಸಿ ಸಂಖ್ಯೆ, 3000 ಪಿಕ್ಸೆಲ್ ಚೌಕದ ಮುಖಚಿತ್ರ. ಇದರಲ್ಲಿ ನಮಗೆ ಏಟು ಬಿದ್ದದ್ದು ಒಂದೇ ಕಡೆ, ಹೆಸರಿನ ಸ್ಪೆಲಿಂಗ್. ಅವಳ ಹೆಸರನ್ನು ಟಿವಿಯವರು ಇಂಗ್ಲಿಷ್‌ನಲ್ಲಿ ಒಂದು ಥರ ಬರೆದಿದ್ದರು, ಅವಳ ಚಾನೆಲ್‌ನಲ್ಲಿ ಇನ್ನೊಂದು ಥರ, ಆಧಾರ್‌ನಲ್ಲಿ ಮತ್ತೊಂದು. ಮೊದಲ ಹಾಡು ಹೋಗಿ ಅದೇ ಹೆಸರಿನ ಬೇರೆ ರಾಜ್ಯದ ಗಾಯಕಿಯ ಪುಟದಲ್ಲಿ ಕೂತಿತು. ಸರಿ ಮಾಡಿಸೋಕೆ ಐದು ವಾರ. ಶೋನಿಂದ ಅವಳನ್ನು ಹುಡುಕಿಕೊಂಡು ಬಂದವರಿಗೆ ಆ ಐದು ವಾರ ಹಾಡು ಸಿಗಲೇ ಇಲ್ಲ. ಒಂದು ಸ್ಪೆಲಿಂಗ್ ಗಟ್ಟಿ ಮಾಡಿಕೊಂಡು ಎಲ್ಲ ಕಡೆ ಅದನ್ನೇ ಬಳಸಬೇಕು, ಅದೂ ಶೋಗೆ ಹೋಗುವ ಮೊದಲೇ.

ಮಿಕ್ಸಿಂಗ್ ಮಾಡುವಾಗ ಜೋರು ಬೇಕು ಅಂತ ಎಲ್ಲರೂ ಹೇಳಿದರು. ಟಿವಿಯಲ್ಲಿ ಹಾಡು ಅಷ್ಟು ಜೋರಿತ್ತಲ್ಲ! ಆದರೆ ಸ್ಪಾಟಿಫೈ ಅಂಥ ಕಡೆ ಎಲ್ಲ ಹಾಡನ್ನೂ ಹತ್ತಿರ ಹತ್ತಿರ ಮೈನಸ್ 14 ಲಫ್ಸ್ (ಸದ್ದಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ತಂದು ಕೇಳಿಸುತ್ತಾರೆ. ಹಿಂಡಿ ಹಿಂಡಿ ಜೋರು ಮಾಡಿದ್ದನ್ನು ಅವರು ಇಳಿಸುತ್ತಾರೆ, ನಮ್ಮ ಉಸಿರೂ ಹೋಗಿರುತ್ತೆ, ಜೋರೂ ಉಳಿಯಲ್ಲ. ಉಸಿರು ಉಳಿಸಿಕೊಂಡೆವು.

ಇನ್ನೊಂದು ಜಗಳ ನಡೆದದ್ದು ರಾಗಿ ಪದದ ಶುರುವಿಗೆ. ಹಾಡು 30 ಸೆಕೆಂಡ್ ಓಡಿದರೆ ಮಾತ್ರ ಸ್ಪಾಟಿಫೈನಲ್ಲಿ ಒಂದು ಕೇಳುವಿಕೆ ಅಂತ ಲೆಕ್ಕ. ನಮ್ಮ ಹಾಡಿನ ಮೊದಲ 22 ಸೆಕೆಂಡ್ ಬರೀ ಕಲ್ಲಿನ ಸದ್ದು. ದನಿ ಬರೋ ಮೊದಲೇ ಜನ ಬದಲಾಯಿಸುತ್ತಾರೆ, ಕತ್ತರಿಸು ಅಂದರು. ಅವಳು ಬೇಡ ಅಂದಳು. ಆರು ತಿಂಗಳ ಹಿಂದೆ "ಹಾಡಬಹುದಾ ಅಣ್ಣ" ಅಂತಿದ್ದ ಹುಡುಗಿ ಅವತ್ತು "ಇದು ಹಿಂಗೇ ಇರ್ಲಿ" ಅಂದಳು. ನಾನು ಆಮೇಲೆ ಅದರ ಮಾತೇ ಎತ್ತಲಿಲ್ಲ.

ಈಗ

ಎಣಿಕೆ ಹೇಳಬೇಕಲ್ಲ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಂಡರೆ ಮಾತ್ರ ಧ್ವನಿಮುದ್ರಣಕ್ಕೆ ಹಣ. ನಮ್ಮ ಆರರಲ್ಲಿ ನಾಲ್ಕು ದಾಟಿವೆ, ಎರಡು ದಾಟಿಲ್ಲ. ಹಾಕಿದ ದುಡ್ಡು ವಾಪಸ್ ಬಂದಿಲ್ಲ, ಬೇಗ ಬರುವ ಹಾಗೂ ಕಾಣಲ್ಲ. ಶೋ ಮುಗಿದ ತಿಂಗಳೇ ಸಿನಿಮಾ ಹಾಡು ಬಿಟ್ಟಿದ್ದರೆ ಇದಕ್ಕಿಂತ ಎಷ್ಟೋ ಜಾಸ್ತಿ ಜನ ಕೇಳುತ್ತಿದ್ದರು, ಅದನ್ನು ನಾನು ಒಪ್ಪುತ್ತೇನೆ. ಕಂಪನಿ ಹಣ ಬಿಡಿಸಿದ್ದು ಸರಿಯಾ ಅಂತ ನನಗೆ ನಿದ್ದೆ ಬಾರದ ರಾತ್ರಿಗಳಿವೆ. ಅವಳ ಅಪ್ಪನನ್ನೇ ಕೇಳಿದೆ. "ಗದ್ದೆ ನಮ್ಮದೇ ಅಲ್ವಾ" ಅಂದರು. ದಾಟದ ಎರಡರಲ್ಲಿ ವಚನವೂ ಒಂದು. ಅದು ಆಲ್ಬಮ್‌ನ ಅತ್ಯಂತ ಒಳ್ಳೆಯ ಹಾಡು ಅಂತ ನನ್ನ ನಂಬಿಕೆ. ಜಾಸ್ತಿ ಜನ ಕೇಳಿರೋದು ರಾಗಿ ಪದ, ಆ 22 ಸೆಕೆಂಡ್ ಸಮೇತ.

ಮನೆ ನಡೆಯೋದು ಸ್ಟೇಜಿನಿಂದ. ಗೌರಿ ಗಣೇಶ ಹಬ್ಬದಿಂದ ರಾಜ್ಯೋತ್ಸವದ ತನಕ ಮಂಡ್ಯ, ಮದ್ದೂರು, ಪಾಂಡವಪುರ ಕಡೆ ಆರ್ಕೆಸ್ಟ್ರಾಗಳಿಗೆ ಬಿಡುವಿರಲ್ಲ. ಸಂಘಟಕರು ಕೇಳೋದು ಶೋನ ಹಾಡನ್ನೇ, ಅವಳು ಹಾಡುತ್ತಾಳೆ, ಏರನ್ನೂ ಹಾಕುತ್ತಾಳೆ. ಅದೂ ಅವಳದೇ ದನಿ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಒಪ್ಪಿಕೊಳ್ಳುವಾಗಲೇ ಒಂದು ಮಾತು ಹೇಳಿರುತ್ತಾಳೆ: ಮೂರನೇ ಹಾಡು ನನ್ನ ಇಷ್ಟದ್ದು.

ಮೂರನೇ ಹಾಡು ರಾಗಿ ಪದ. ಮೊದಮೊದಲು ಅದು ಸ್ಟೇಜಿನಲ್ಲಿ ಕೂರಲಿಲ್ಲ. ಕಲ್ಲನ್ನು ಟೆಂಪೋದಲ್ಲಿ ಸಾಗಿಸೋಕೆ ಅಜ್ಜಿ ಬಿಡಲಿಲ್ಲ. ಕಲ್ಲಿನ ಸದ್ದನ್ನು ಪ್ಯಾಡಿಗೆ, ಅಂದರೆ ಬಡಿದರೆ ತುಂಬಿಟ್ಟ ಸದ್ದು ಬರುವ ಎಲೆಕ್ಟ್ರಾನಿಕ್ ವಾದ್ಯಕ್ಕೆ, ತುಂಬಿಕೊಟ್ಟೆ. ಪ್ಯಾಡಿನ ಹುಡುಗ ಒಳ್ಳೆ ಲಯದವನು, ಆದರೆ ಅವನ ಕೈ ಒಂದೇ ಸಮ ಹೋಗುತ್ತೆ, ಹಾಡು ಹಾಗೆ ಹೋಗಲ್ಲ. ಎರಡು ಕಾರ್ಯಕ್ರಮದಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಹೋಗಿ ನಿಂತರು. ಹೋದ ವರ್ಷ ಮದ್ದೂರಿನ ಹತ್ತಿರ ಒಂದು ಊರಲ್ಲಿ ಅವಳು ಅವನ ಕಡೆ ತಿರುಗಿ ಬೇಡ ಅಂತ ಕೈ ಮಾಡಿದಳು. ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬಲಗೈಯನ್ನು ಗೂಟ ಹಿಡಿದ ಹಾಗೆ ಸುತ್ತಿಸುತ್ತಾ ನಾಲ್ಕು ಮನೆಗೆ ಶುರು ಮಾಡಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು ಎರಡನೇ ಸಾಲಿಗೆ ದನಿ ಸೇರಿಸಿದರು. ಅವರ ಊರಲ್ಲಿ ಹಾಡೋ ಪಾಠ ಸ್ವಲ್ಪ ಬೇರೆ ಇತ್ತು. ಅವಳು ಅವರ ಪಾಠಕ್ಕೇ ಬಂದಳು. ಅವತ್ತಿನಿಂದ ಆ ಹಾಡಿಗೆ ವಾದ್ಯದವರೆಲ್ಲ ಕೈ ಕಟ್ಟಿ ಕೂರುತ್ತಾರೆ.